ಸಿಪಾಯಿಯ ಟೋಪಿ, ಟೋಪಿಯ ಬಿಲ್ಲೆ



ಸಂಗ್ರಹದ ಹವ್ಯಾಸವೆಂದೊಡನೆ ಅಂಚೆ ಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಇವೇ ತಮ್ಮ ನೆನಪಿಗೆ ಬರುವುದು ಸಹಜ. ಸೈನಿಕರ ಹಳೆಯ ಟೋಪಿಗಳನ್ನೂ, ಟೋಪಿಯ ಮುಂಭಾಗಕ್ಕೆ ಸಿಕ್ಕಿಸುತ್ತಿದ್ದ ಲೋಹದ ಬಿಲ್ಲೆಗಳನ್ನೂ ಕೂಡಿಡುವವರು ಉಂಟೆಂದರೆ ತಾವು ನಕ್ಕೀರಿ. ವ್ಯಾಕರಣ, ಛಂದಸ್ಸುಗಳ ನಡುವೆ ತಲೆ ನೆರೆತ ನನ್ನಂಥ ಕನ್ನಡ ಮೇಷ್ಟ್ರಿಗೆ ಈ ಗೀಳು ಹೇಗೆ ಅಂಟಿತೆಂದು ಕೇಳಿಯೂ ಕೇಳೀರಿ. ಅದನ್ನು ಹೇಳಿಯೇ ಮುಂದುವರಿಯುತ್ತೇನೆ. ಏಕೆಂದರೆ ಈ ಲೇಖನದ ಸಾರವೆಲ್ಲ ಅದರಲ್ಲಿಯೇ ಇದೆ.

ಕೆಲವು ವರ್ಷಗಳ ಹಿಂದೆ ಹಳೆಯ ಕೊಳಗವೊಂದನ್ನು ಕೊಟ್ಟು ಹೊಸದನ್ನು ತರೋಣವೆಂದು ಪಾತ್ರೆ ಅಂಗಡಿಗೆ ಹೋಗಿದ್ದೆ. ತಕ್ಕಡಿಯ ಪಕ್ಕದಲ್ಲಿ ಕರಗಿಸಲು ಇಟ್ಟಿದ್ದ ಹಿತ್ತಾಳೆಯ ರಾಶಿ. ಮುರಿದ ದೀಪದ ಕಂಬ, ಸೀಳಿದ ತಂಬಿಗೆ, ಅವುಗಳ ನಡುವೆ ಅಂಗೈಯೊಳಗೆ ಅಡಗುವಷ್ಟು ಚಿಕ್ಕದೊಂದು ಬಿಲ್ಲೆ. ಕಪ್ಪು ಹಿಡಿದಿದ್ದರೂ ಎರಡು ತಲೆಯ ಹಕ್ಕಿ ಕಾಣುತ್ತಿತ್ತು. ಕೆಳಗೆ ಇಂಗ್ಲಿಷ್ ಲಿಪಿಯಲ್ಲಿ ‘ಮೈಸೂರು’ ಎಂದಿತ್ತು. ಅಂಗಡಿಯಾತ ತೂಕದ ಬೆಲೆಗೇ ಕೊಟ್ಟ. ಮನೆಗೆ ತಂದವನೇ ಹುಣಸೆಹಣ್ಣು, ಉಪ್ಪು ಹಚ್ಚಿ ದೇವರ ಪಾತ್ರೆಯಂತೆ ತಿಕ್ಕಿದೆ. ಥಳಥಳ ಹೊಳೆಯಿತು. ಹಿಗ್ಗಿನಿಂದ ನಮ್ಮ ಬೀದಿಯ ನಿವೃತ್ತ ಸುಬೇದಾರರಿಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಮೇಷ್ಟ್ರೇ, ತಾವು ತೊಳೆದದ್ದು ಕೊಳೆಯನ್ನಲ್ಲ, ಇದರ ವಯಸ್ಸನ್ನು” ಎಂದರು. ಆಮೇಲೆ ಮೆಲ್ಲನೆ, “ಇದು ಯಾರದು?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನವೇ ಅಂಗಡಿಗೆ ಓಡಿದೆ. “ಯಾರೋ ವಯಸ್ಸಾದ ಅಮ್ಮ, ಸ್ವಾಮಿ. ಪಾತ್ರೆಗಳ ಜೊತೆ ತಂದು ಹಾಕಿದರು. ಹೆಸರು ಯಾರು ಕೇಳುತ್ತಾರೆ?” ಎಂದ ಆತ. ಆ ಪ್ರಶ್ನೆ ಇಂದಿಗೂ ನನ್ನ ಮೇಜಿನ ಮೇಲೆ ಬಿಲ್ಲೆಯೊಡನೆ ಕುಳಿತಿದೆ.

ಈಗ ಈ ಬಿಲ್ಲೆಯೆಂದರೇನೆಂಬುದನ್ನು ನೋಡೋಣ. ನಮ್ಮ ಅರಸುಮನೆತನಗಳಿಗೆ ಲಾಂಛನಗಳಿದ್ದುದನ್ನು ತಾವು ಬಲ್ಲಿರಿ: ಕದಂಬರಿಗೆ ಸಿಂಹ, ಚಾಲುಕ್ಯರಿಗೆ ವರಾಹ. ಸೇನೆಯ ಒಂದೊಂದು ದಳಕ್ಕೂ ಒಂದೊಂದು ಲಾಂಛನವಿದ್ದರೆ ಹೇಗೋ ಹಾಗೆ ಈ ಬಿಲ್ಲೆ. ದೂಳು, ಹೊಗೆಗಳ ನಡುವೆ ತನ್ನವನಾರು, ಅನ್ಯನಾರು ಎಂದು ಗುರುತಿಸುವುದಕ್ಕೆ ಎಲ್ಲಕ್ಕಿಂತ ಮೇಲೆ ಕಾಣುವ ಅಂಗ ತಲೆ; ಆದುದರಿಂದಲೇ ಗುರುತು ತಲೆಯನ್ನೇರಿತು. ಬ್ರಿಟಿಷ್ ಸೇನೆಯಲ್ಲಿ ಮೊದಲು ಎತ್ತರದ ಟೋಪಿಗಳ ಮೇಲೆ ದೊಡ್ಡ ದೊಡ್ಡ ತಗಡುಗಳಿರುತ್ತಿದ್ದವು. 1881ರಲ್ಲಿ ದಳಗಳಿಗೆ ಸಂಖ್ಯೆಗಳ ಬದಲು ನಾಡುಗಳ ಹೆಸರು ಬಂದು, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಂದು ನಾವು ಕಾಣುವ ಚಿಕ್ಕ ಬಿಲ್ಲೆ ರೂಢಿಗೆ ಬಂದಿತು. ಅಲ್ಲಿಂದ ಎರಡು ಮಹಾಯುದ್ಧಗಳವರೆಗೆ ಇವು ಲಕ್ಷೋಪಲಕ್ಷವಾಗಿ ತಯಾರಾದವು. ಸಂಗ್ರಹಕಾರರ ಕೈಗೆ ಸಿಗುವವು ಹೆಚ್ಚಾಗಿ ಇವೇ.

ಬಿಲ್ಲೆಯನ್ನು ಓದುವುದಕ್ಕೂ ಒಂದು ಕ್ರಮವುಂಟು, ಶಾಸನವನ್ನು ಓದಿದಂತೆ.

ಮೊದಲು ಕಿರೀಟವನ್ನು ನೋಡಿ. 1901ರಿಂದ 1952ರವರೆಗೆ ಇಂಗ್ಲೆಂಡಿನಲ್ಲಿ ಅರಸರ ಆಳ್ವಿಕೆ. ಆ ಕಾಲದ ಬಿಲ್ಲೆಗಳಲ್ಲಿ ಕಿರೀಟದ ಕಮಾನು ಗುಮ್ಮಟದಂತೆ ಮೇಲಕ್ಕೆ ದುಂಡಾಗಿರುತ್ತದೆ. ಎಲಿಜಬೆತ್ ರಾಣಿಯ ಕಾಲದ ಕಿರೀಟ ನಡುವೆ ತಗ್ಗಿ, ಎರಡು ಬದಿ ಭುಜಗಳಂತೆ ಏರಿರುತ್ತದೆ. ಅದಕ್ಕೂ ಹಿಂದಿನ ವಿಕ್ಟೋರಿಯಾ ರಾಣಿಯ ಕಿರೀಟದ ಆಕಾರ ಬೇರೆಯೇ. 2022ರಲ್ಲಿ ಚಾರ್ಲ್ಸ್ ದೊರೆ ಪಟ್ಟಕ್ಕೆ ಬಂದಾಗ ದುಂಡು ಕಮಾನು ಮತ್ತೆ ಬಂದಿದೆಯಾದ್ದರಿಂದ ಕಿರೀಟವೊಂದನ್ನೇ ನಂಬಿ ಕೂರಬಾರದು. ಭಾರತದ ಸೇನೆಯಲ್ಲಿಯಾದರೋ ಗೆರೆ ಸ್ಪಷ್ಟವಾಗಿದೆ: 1950ರ ಜನವರಿ 26ರಂದು ನಾವು ಗಣರಾಜ್ಯವಾದೆವು, ಕಿರೀಟವಿದ್ದ ಕಡೆ ಅಶೋಕನ ಸಿಂಹಗಳು ಬಂದು ಕುಳಿತವು. ಒಂದು ದೇಶದ ರಾಜಕೀಯ ಚರಿತ್ರೆಯೆಲ್ಲ ಉಗುರಗಲದ ಜಾಗದಲ್ಲಿ ಬದಲಾದದ್ದನ್ನು ಇಲ್ಲಿ ಕಾಣಬಹುದು.

ಎರಡನೆಯದಾಗಿ ಲೋಹ. ಹಿತ್ತಾಳೆಯೊಡನೆ ಬಿಳಿಯ ಲೋಹವನ್ನು ಬೆಸೆದು ಎರಡು ಬಣ್ಣ ಬರುವಂತೆ ಅನೇಕ ಬಿಲ್ಲೆಗಳನ್ನು ಮಾಡುತ್ತಿದ್ದರು. 1916ರಲ್ಲಿ, ಮೊದಲನೆಯ ಮಹಾಯುದ್ಧದ ಬಿಗಿಯಲ್ಲಿ, ಉಳಿತಾಯಕ್ಕಾಗಿ ಅವನ್ನೇ ಬರಿಯ ಹಿತ್ತಾಳೆಯಲ್ಲಿ ಒತ್ತಿದರು. ಎರಡನೆಯ ಮಹಾಯುದ್ಧದಲ್ಲಿ ಲೋಹವನ್ನು ಉಳಿಸಲು ಪ್ಲಾಸ್ಟಿಕ್ ಬಿಲ್ಲೆಗಳೇ ಬಂದವು. 1950ರ ದಶಕದಲ್ಲಿ ಉಜ್ಜುವ ಕಷ್ಟವೇ ಇಲ್ಲದ, ಬಣ್ಣಗಟ್ಟಿದ ಅಲ್ಯುಮಿನಿಯಂ ಬಂದಿತು. ಕೈಯಲ್ಲಿ ಹಿಡಿದರೆ ತೂಕವೇ ಇವುಗಳ ಕಾಲವನ್ನು ಹೇಳುತ್ತದೆ.

ಮೂರನೆಯದು, ಮುಖ್ಯವಾದದ್ದು, ಬೆನ್ನು. ಮುಖಕ್ಕೆ ಮರುಳಾಗದೆ ಬಿಲ್ಲೆಯನ್ನು ತಿರುಗಿಸಿ ನೋಡಬೇಕು. ತೆಳು ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ್ದಾದರೆ ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿ ಕಾಣುತ್ತದೆ, ಗೆರೆಗಳು ಚೂಪಾಗಿರುತ್ತವೆ. ಎರಕ ಹೊಯ್ದ ನಕಲಿನಲ್ಲಿ ಬೆನ್ನು ದಪ್ಪ. ಮೈಮೇಲೆ ಮರಳಿನಂಥ ಚುಕ್ಕೆಗಳು. ಅಕ್ಷರಗಳು ನಿದ್ದೆಗಣ್ಣಿನಲ್ಲಿ ನೋಡಿದಂತೆ ಮಸುಕು. ಆದರೆ ಎರಕವೆಂದ ಮಾತ್ರಕ್ಕೆ ಖೋಟಾ ಎಂದು ತಳ್ಳಬೇಡಿ. ಭಾರತದಲ್ಲಿದ್ದ ದಳಗಳವರು ಸ್ಥಳೀಯ ಬಜಾರಿನ ಕಸಬುದಾರರಿಂದ ಎರಕದ ಬಿಲ್ಲೆಗಳನ್ನು ಮಾಡಿಸಿಕೊಂಡು ಧರಿಸುತ್ತಿದ್ದುದುಂಟು. ಬಟ್ಟೆಗೆ ಸಿಕ್ಕಿಸಲು ಹಿಂದೆ ಎರಡು ಬಳೆಗಳಂಥ ಕೊಂಡಿಗಳೋ, ಕೆಳಕ್ಕೆ ಇಳಿದ ಪಟ್ಟಿಯೋ ಇರುತ್ತದೆ. ವರ್ಷಗಟ್ಟಲೆ ಬಟ್ಟೆಗೆ ಉಜ್ಜಿದ ಕೊಂಡಿ ನುಣುಪಾಗಿ ಸವೆದಿರುತ್ತದೆ. ಹೊಸ ಬೆಸುಗೆ ಹೊಳೆಯುತ್ತಿದ್ದರೆ ಅನುಮಾನಿಸಿ. ಹಳೆಯ ಅಚ್ಚುಗಳಿಂದಲೇ ಮುಂದೆ ಮತ್ತೆ ಒತ್ತಿದ ಬಿಲ್ಲೆಗಳೂ ಮಾರುಕಟ್ಟೆಯಲ್ಲಿ ಹೇರಳ. ‘ಟೋಪಿ ಹಾಕುವುದು’ ಎಂಬ ನಮ್ಮ ನುಡಿಗಟ್ಟಿಗೆ ಇಷ್ಟು ನೇರವಾದ ಅರ್ಥ ಬರುವ ವ್ಯಾಪಾರ ಮತ್ತೊಂದಿಲ್ಲ!

ಇನ್ನು ಚಿತ್ರಗಳ ಮಾತು. ಇಂಗ್ಲೆಂಡಿನ ಲೆಸ್ಟರ್‌ಷೈರ್ ದಳದ ಬಿಲ್ಲೆಯ ಮೇಲೆ ಹುಲಿಯಿದೆ. ಮೇಲೆ ‘ಹಿಂದೂಸ್ಥಾನ’ ಎಂಬ ಹೆಸರು. ಅಲ್ಲಿನ ಕಾಡಿನಲ್ಲಿ ಹುಲಿಯೆಲ್ಲಿ? 1804ರಿಂದ 1823ರವರೆಗೆ ಭಾರತದಲ್ಲಿ ಸೇವೆ ಸಲ್ಲಿಸಿದ್ದಕ್ಕಾಗಿ 1825ರಲ್ಲಿ ಅವರಿಗೆ ದೊರೆತ ಗೌರವವದು. ಐರ್ಲೆಂಡಿನ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಎಂಬ ದಳದ ಬಿಲ್ಲೆಯ ಮೇಲಂತೂ ಹುಲಿಯೂ ಉಂಟು, ಆನೆಯೂ ಉಂಟು. ಕಂಪನಿ ಸರ್ಕಾರ ಮದರಾಸು, ಮುಂಬಯಿಗಳಲ್ಲಿ ಇಟ್ಟುಕೊಂಡಿದ್ದ ಐರೋಪ್ಯ ದಳಗಳ ಸಂತತಿ ಅದು. ಅದರ ಗೌರವಪಟ್ಟಿಯಲ್ಲಿ ‘ಮೈಸೂರು’ ಎಂಬ ಹೆಸರೂ ಇದ್ದಿತು. ನಮ್ಮ ನೆಲದಲ್ಲಿ ನಮ್ಮವರ ಮೇಲೆ ನಡೆದ ಯುದ್ಧ ಅನ್ಯರ ಟೋಪಿಯ ಮೇಲೆ ಅಲಂಕಾರವಾಯಿತೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 1922ರಲ್ಲಿ, ಐರ್ಲೆಂಡಿನ ಬಹುಭಾಗ ಬ್ರಿಟಿಷರ ಕೈತಪ್ಪಿದಾಗ, ಆ ದಳವನ್ನೇ ವಿಸರ್ಜಿಸಿದರು. ಗೆದ್ದವರ ದಳವೂ ಹೋಯಿತು. ಬಿಲ್ಲೆ ಮಾತ್ರ ಉಳಿಯಿತು.

ಎರಡು ತಲೆಯ ನಮ್ಮ ಗಂಡಭೇರುಂಡದ ಕಥೆ ಇದಕ್ಕೆ ಜೋಡಿಯಾಗಿ ನಿಲ್ಲುತ್ತದೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಅದಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲಿದೆ. ಮೈಸೂರು ಒಡೆಯರ ಲಾಂಛನವಾಗಿ, ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಇದೆ. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಈ ಹಕ್ಕಿಯನ್ನು ಧರಿಸಿತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದದ್ದು ಜೋಧಪುರದ ಮತ್ತು ಮೈಸೂರಿನ ರಾವುತರು. ಫಿರಂಗಿಗಳಿಗೆದುರಾಗಿ, ಕುದುರೆಯ ಮೇಲೆ, ಈಟಿ ಹಿಡಿದು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರು ರಾವುತರವೇ. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನವಾದವು. 1953ರಲ್ಲಿ ಮೈಸೂರು ಲ್ಯಾನ್ಸರ್ಸ್ ಮೊದಲಾದ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ ಜಯಪುರದಲ್ಲಿ ಹೊಸದೊಂದು ಕುದುರೆ ದಳವನ್ನು ಕಟ್ಟಿದರು. ಅದಕ್ಕೆ 61ನೆಯ ಅಶ್ವದಳವೆಂದು ಹೆಸರಾಯಿತು. ಅದರ ಲಾಂಛನದಲ್ಲಿ ರೆಕ್ಕೆ ಬಿಚ್ಚಿ ನಿಂತಿರುವುದು ಎರಡು ತಲೆಯ ಹಕ್ಕಿಯೇ. ನೂರು ಗಾವುದ ದಾಟಿ ಮರುಭೂಮಿಯ ಅಂಚಿಗೆ ಹೋದರೂ ನಮ್ಮ ಹಕ್ಕಿಗೆ ಗೂಡು ದೊರಕಿತು.

ಟೋಪಿಗಳ ಸಂಗತಿ ಇನ್ನೂ ಕಷ್ಟ. ಲೋಹ ಬಾಳುತ್ತದೆ, ಬಟ್ಟೆ, ಬೆಂಡು, ತೊಗಲು ಬಾಳವು. ‘ಸೋಲಾ ಟೋಪಿ’ ಎಂಬುದನ್ನು ತಾವು ಹಳೆಯ ಚಿತ್ರಗಳಲ್ಲಿ ಕಂಡಿರಬಹುದು. ಸೂರ್ಯನಿಗೆ ಸಂಬಂಧಿಸಿದ ಇಂಗ್ಲಿಷ್ ಮಾತೆಂದು ಬಹುಜನರು ತಿಳಿದಿದ್ದಾರೆ. ಹಾಗಲ್ಲ, ಜೌಗಿನಲ್ಲಿ ಬೆಳೆಯುವ ‘ಶೋಲಾ’ ಎಂಬ ಗಿಡದ ಬೆಂಡಿನಿಂದ ಮಾಡಿದ್ದರಿಂದ ಆ ಹೆಸರು. ಹೂವಿನಷ್ಟು ಹಗುರ, ಆದರೆ ಒಮ್ಮೆ ಅದುಮಿದರೆ ಮುಗಿಯಿತು. ಸಿಪಾಯಿಯ ರುಮಾಲಂತೂ ಬಿಚ್ಚಿದರೆ ಬರಿಯ ಬಟ್ಟೆ. ಸುತ್ತುವ ಕೈ ಹೋದರೆ ದಳದ ಗುರುತೂ ಹೋದಂತೆಯೇ. ಟೋಪಿಯ ಆಕಾರಕ್ಕೂ ಕಾರಣಗಳಿರುತ್ತವೆ. ಇಂಗ್ಲೆಂಡಿನ ಟ್ಯಾಂಕ್ ದಳದವರು 1924ರಲ್ಲಿ ಕಪ್ಪು ‘ಬೆರೆ’ ಟೋಪಿಯನ್ನು ಆರಿಸಿಕೊಂಡರು: ಇಕ್ಕಟ್ಟಿನಲ್ಲಿ ತಾಗುವ ಅಂಚಿಲ್ಲ, ಎಣ್ಣೆಯ ಮಸಿ ಕಪ್ಪಿನಲ್ಲಿ ಕಾಣುವುದಿಲ್ಲ.

ತಮ್ಮ ಮನೆಯಲ್ಲಿ ಇಂಥದೇನಾದರೂ ಇದ್ದರೆ ಕೆಲವು ಮಾತು ನಡೆಸಿಕೊಡಿ. ಬಿಲ್ಲೆಯನ್ನು ಹುಣಸೆಹಣ್ಣು, ನಿಂಬೆ, ಬೂದಿ, ಪಾಲಿಷು ಯಾವುದರಿಂದಲೂ ತಿಕ್ಕಬೇಡಿ. ಒಣ ಮೆತ್ತನೆಯ ಬಟ್ಟೆಯಿಂದ ದೂಳು ಒರಸಿದರೆ ಸಾಕು. ಆಯುಧಪೂಜೆಗೆ ಹೂವೇರಿಸಿ, ಹುಳಿಯೇರಿಸಬೇಡಿ. ಟೋಪಿಯನ್ನು ಮೊಳೆಗೆ ತೂಗಹಾಕದೆ, ಒಳಗೆ ಶುಭ್ರವಾದ ಹತ್ತಿಬಟ್ಟೆಯನ್ನು ತುಂಬಿ, ಬಿಸಿಲು ತಾಗದ ಒಣ ಪೆಟ್ಟಿಗೆಯಲ್ಲಿಡಿ; ಮಳೆಗಾಲ ಕಳೆದ ಮೇಲೆ ತೆಗೆದು ಹುಳು ಹಿಡಿದಿದೆಯೇ ನೋಡಿ. ನೂರು ವರ್ಷ ತುಂಬಿದ ವಸ್ತು 1972ರ ಕಾಯಿದೆಯಂತೆ ಪುರಾತನ ವಸ್ತುವಾಗಬಹುದು. ಅಂಥದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಹೈಫಾ ಕಾಲದ ಬಿಲ್ಲೆಗಳಿಗೆ ಆಗಲೇ ನೂರು ದಾಟಿದೆ.

ಎಲ್ಲಕ್ಕಿಂತ ಮಿಗಿಲಾದ ಮಾತೊಂದು ಉಳಿದಿದೆ. ಮನೆಯಲ್ಲಿ ಬಲ್ಲ ಹಿರಿಯರು ಇರುವಾಗಲೇ ಅವರ ಪಕ್ಕದಲ್ಲಿ ಕುಳಿತು ಕೇಳಿ: ಇದನ್ನು ಧರಿಸಿದವರು ಯಾರು, ಯಾವ ಊರು, ಯಾವ ದಳ, ಹೋದದ್ದು ಎಂದು, ಹಿಂದಿರುಗಿದರೇ ಇಲ್ಲವೇ? ಅದನ್ನು ಒಂದು ಚೀಟಿಯಲ್ಲಿ ಬರೆದು ಬಿಲ್ಲೆಯ ಜೊತೆಗಿಡಿ. ಮಾರುವುದು ಅನಿವಾರ್ಯವಾದರೆ ಚೀಟಿಯೊಡನೆ ಮಾರಿ. ಕಿರೀಟವನ್ನು, ಲೋಹವನ್ನು, ಬೆನ್ನನ್ನು ನೋಡಿ ಬಿಲ್ಲೆಯ ಕಾಲವನ್ನು ನಾನು ಹೇಳಬಲ್ಲೆ, ದಳವನ್ನೂ ಹೇಳಬಲ್ಲೆ. ಆದರೆ ಅದರ ಕೆಳಗಿದ್ದ ಹಣೆ ಯಾರದೆಂದು ಯಾವ ಪಂಡಿತನೂ ಹೇಳಲಾರ. ಅದು ತಮ್ಮ ಮನೆಯ ಅಜ್ಜಿಗೆ ಮಾತ್ರ ಗೊತ್ತು.

ನನ್ನ ಬಿಲ್ಲೆಯ ಹೊಳಪು ಕಳೆದು ಮತ್ತೆ ಕಂದು ಬಣ್ಣ ಏರುತ್ತಿದೆ. ಅದರ ಪಕ್ಕದಲ್ಲಿ ನಾನೂ ಒಂದು ಚೀಟಿ ಇಟ್ಟಿದ್ದೇನೆ. ಕೊಂಡ ದಿನ, ಅಂಗಡಿಯಿದ್ದ ಬೀದಿ, ‘ವಯಸ್ಸಾದ ಅಮ್ಮನೊಬ್ಬರು ತಂದದ್ದು’ ಎಂಬ ಮಾತು, ಇಷ್ಟೇ ಅದರಲ್ಲಿರುವುದು. ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ತಮ್ಮ ಚೀಟಿಯಲ್ಲಿ ಆ ಜಾಗ ಖಾಲಿಯಾಗದಿರಲಿ.