ಅರ್ಜಿಯ ಜೊತೆ ಹತ್ತು ಕಮಿಟ್ ಸಂದೇಶ: ಏಕೆ ಕೇಳಿದ್ದೇವೆ?



ಈ ಸಾಲಿನಿಂದ ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟಿಗೆ ನೆರವು ಕೋರುವವರು ಅಂಕಪಟ್ಟಿಯ ಜೊತೆ ತಮ್ಮ ಕೊನೆಯ ಹತ್ತು ಕಮಿಟ್ ಸಂದೇಶಗಳನ್ನೂ ಲಗತ್ತಿಸಬೇಕು. ವಿಜಯನಗರದ ತಾಯಿಯೊಬ್ಬರು ಸಂದರ್ಶನದ ದಿನ, ‘ಇದು ಯಾವ ಸರ್ಟಿಫಿಕೇಟು ಸಾರ್, ಎಲ್ಲಿ ಮಾಡಿಸಬೇಕು?’ ಎಂದು ಕೇಳಿದರು. ಅದಕ್ಕಾಗಿ ಈ ವಿವರಣೆ.

ಇದನ್ನು ಯಾವ ಕಚೇರಿಯೂ ಕೊಡುವುದಿಲ್ಲ, ಮಕ್ಕಳೇ ಬರೆಯುತ್ತಾರೆ. ಪ್ರೋಗ್ರಾಮಿನಲ್ಲಿ ಮಾಡಿದ ಪ್ರತಿ ಬದಲಾವಣೆಯನ್ನೂ ಗಿಟ್ ಎಂಬ ತಂತ್ರಾಂಶದಲ್ಲಿ ದಾಖಲಿಸುತ್ತಾರೆ. ಲಿನಕ್ಸ್ ಖ್ಯಾತಿಯ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ್ದು ಅದು. ದಾಖಲೆಯ ಜೊತೆಗಿನ ಟಿಪ್ಪಣಿಯೇ ಕಮಿಟ್ ಸಂದೇಶ. ನಮ್ಮ ವೋಚರ್ ಇದ್ದಹಾಗೆ. ಮೊತ್ತದ ಮುಂದೆ ‘ಖರ್ಚು’ ಎಂದಷ್ಟೇ ಬರೆದರೆ ಆಡಿಟರು ಒಪ್ಪುತ್ತಾರೆಯೇ?

ಕಳೆದ ವರ್ಷ ಕೆಂಗೇರಿ ಕಡೆಯ ಇಬ್ಬರು ವಿದ್ಯಾರ್ಥಿಗಳಿಗೆ ಎರಡು ಇಎಸ್‌ಪಿ32 ಬೋರ್ಡ್ ಕೊಡಿಸಿದ್ದೆವು. ಸಂಪಿನ ನೀರಿನ ಮಟ್ಟವನ್ನು ಮೊಬೈಲಿಗೆ ತಿಳಿಸುವ ಪ್ರಾಜೆಕ್ಟು. ಆ ಬೋರ್ಡಿನ ಫ್ಲ್ಯಾಶ್ ಮೆಮೊರಿಯನ್ನು ಸೈಟುಗಳ ಹಾಗೆ ಭಾಗ ಮಾಡಿರುತ್ತಾರೆ. ಬೋರ್ಡನ್ನು ಎಬ್ಬಿಸುವ ಬೂಟ್‌ಲೋಡರ್ 4ನೇ ಕೆಬಿಯಿಂದ ಶುರು. ಯಾವ ಭಾಗ ಎಲ್ಲಿದೆ ಎಂದು ಹೇಳುವ ಪಾರ್ಟಿಷನ್ ಪಟ್ಟಿ 32ರಲ್ಲಿ. ಅಂದರೆ ಬೂಟ್‌ಲೋಡರಿಗೆ ಇರುವ ಜಾಗ 28 ಕೆಬಿ ಮಾತ್ರ. 36ರಿಂದ ಸೆಟ್ಟಿಂಗುಗಳು, 64ರಿಂದ ಮುಖ್ಯ ಪ್ರೋಗ್ರಾಮು.

ದೋಷ ಹುಡುಕಲೆಂದು ಒಬ್ಬ ಹುಡುಗ ಬೂಟ್‌ಲೋಡರಿಗೆ ಹೆಚ್ಚು ವಿವರ ಮುದ್ರಿಸುವಂತೆ ಹೇಳಿದ. ಅದು ಉಬ್ಬಿ 28 ಕೆಬಿ ಮೀರಿತು. ಆತ ಪಟ್ಟಿಯನ್ನು 36ಕ್ಕೆ ಸರಿಸಿ, ಸೆಟ್ಟಿಂಗುಗಳ ಜಾಗವನ್ನು ಅಷ್ಟು ಕಿರಿದು ಮಾಡಿದ. ಕೆಲಸವೇನೋ ಸರಿಯೇ. ಆದರೆ ಸಂದೇಶದಲ್ಲಿ ಬರೆದದ್ದು ‘ಸರಿ ಮಾಡಿದೆ’ ಎಂದಷ್ಟೇ.

ಪ್ರದರ್ಶನದ ಹಿಂದಿನ ರಾತ್ರಿ ಜೊತೆಗಾರ ಹೊಸ ಪ್ರೋಗ್ರಾಮನ್ನಷ್ಟೇ ಇನ್ನೊಂದು ಬೋರ್ಡಿಗೆ ಹಾಕಿದ. ಅದರಲ್ಲಿ ಪಟ್ಟಿ ಇನ್ನೂ 32ರಲ್ಲೇ ಇತ್ತು. ಪ್ರೋಗ್ರಾಮು ಎದ್ದು 36ರಲ್ಲಿ ಪಟ್ಟಿ ಹುಡುಕಿತು, ಸಿಕ್ಕಿದ್ದು ಹಳೆಯ ಸೆಟ್ಟಿಂಗು. ನಿಂತಿತು, ಮತ್ತೆ ಎದ್ದಿತು, ಮತ್ತೆ ನಿಂತಿತು. ಬೋರ್ಡ್ ಸುಟ್ಟಿದೆಯೆಂದು ಹುಡುಗರು ಹೊಸದಕ್ಕೆ ನಮ್ಮಲ್ಲಿ ಹಣ ಕೇಳಿದರು. ಸುಟ್ಟಿರಲಿಲ್ಲ. ಬೂಟ್‌ಲೋಡರ್, ಪಟ್ಟಿ, ಪ್ರೋಗ್ರಾಮು ಮೂರನ್ನೂ ಒಟ್ಟಿಗೆ ಹಾಕಿದಾಗ ಬದುಕಿತು. ಅಷ್ಟರಲ್ಲಿ ಪ್ರದರ್ಶನ ಮುಗಿದಿತ್ತು.

ಬರೆಯಬೇಕಿದ್ದದ್ದು ಇಷ್ಟೇ: ‘ಪಾರ್ಟಿಷನ್ ಪಟ್ಟಿ 32ರಿಂದ 36 ಕೆಬಿಗೆ’. ಒಂದು ಸಾಲು ಬಿಟ್ಟು ಕೆಳಗೆ: ‘ಬೂಟ್‌ಲೋಡರ್ 28 ಕೆಬಿ ಮೀರಿದ್ದರಿಂದ. ಹಳೆಯ ಬೋರ್ಡಿಗೆ ಮೂರನ್ನೂ ಮತ್ತೆ ಹಾಕಬೇಕು.’ ಏನು ಬದಲಾಯಿತೆಂದು ಪ್ರೋಗ್ರಾಮು ನೋಡಿದರೆ ತಿಳಿಯುತ್ತದೆ. ಏಕೆಂದು ಬರೆದವನೇ ಹೇಳಬೇಕು.

1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಂಜಿನಿಯರುಗಳು ಯು-ಬೂಟ್ ಎಂಬ ಬೂಟ್‌ಲೋಡರಿಗೆ ಬರೆಯುವ ಬದಲಾವಣೆಗಳಲ್ಲೂ ವಿವರಣೆ, ಕೆಳಗೆ ಬರೆದವರ ಹೆಸರು ಇರುತ್ತದೆ. ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಟ್ಯೂಷನ್ನಿಗಿಂತ ಒಳ್ಳೆಯದೆಂದು ನಮ್ಮ ಅನಿಸಿಕೆ.

ಸಂದೇಶ ಕನ್ನಡದಲ್ಲಿದ್ದರೂ ಆಗುತ್ತದೆ. ಕಾಗುಣಿತ ತಪ್ಪಿದ್ದಕ್ಕೆ ಯಾರ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ.