ಕರಿ ಶ್ಯಾವಿಗಿ ಉಣ್ಣೋ ಬ್ರಹ್ಮಚಾರಿಗಳು!

“ಏನಪಾ ತಮ್ಮಾ, ಲಗ್ನದ ಊಟ ಯಾವಾಗ ಹಾಕಸ್ತಿ?”

ಇಂಡಿಯ ಲಿಂಬೆ ಸಂತೆಯಲ್ಲೂ ಇದೇ ಪ್ರಶ್ನೆ, ಸಿಂದಗಿ ಬಸ್ ಸ್ಟ್ಯಾಂಡಿನಲ್ಲೂ ಇದೇ ಪ್ರಶ್ನೆ. ಮುದ್ದೇಬಿಹಾಳದ ಬೀಗರು ಕೇಳುತ್ತಾರೆ, ಬಸವನ ಬಾಗೇವಾಡಿಯ ಸೋದರಮಾವ ಕೇಳುತ್ತಾನೆ. 33 ದಾಟಿದ ನನ್ನಂಥ ಒಕ್ಕಲುತನದ ಹುಡುಗ ಏನಂತ ಹೇಳಬೇಕು? ಹೆಣ್ಣಿನ ಕಡೆಯವರ ಮೊದಲ ಮಾತೇ, “ನೌಕರಿ ಅದ ಏನ್ರಿ?”

ಚಿತ್ರರಸಿಕ ಮಿತ್ರರೇ, ಇಂಥ ಒಂಟಿಗಳಿಗಾಗಿ ದಕ್ಷಿಣ ಕೊರಿಯಾದಲ್ಲಿ ಒಂದು ದಿನವೇ ಇದೆ. ಅದೂ ಊಟದ ದಿನ!

ಅಲ್ಲಿ ಫೆಬ್ರವರಿ 14ರಂದು ಹುಡುಗಿಯರು ಮೆಚ್ಚಿದವನಿಗೆ ಚಾಕೊಲೇಟ್ ಕೊಡುತ್ತಾರೆ. ಮಾರ್ಚ್ 14ರಂದು ಹುಡುಗರು ಮಿಠಾಯಿ ಕೊಟ್ಟು ಋಣ ತೀರಿಸುತ್ತಾರೆ. ಎರಡೂ ದಿನ ಕೈ ಖಾಲಿ ಉಳಿದವರ ಗತಿ? ಏಪ್ರಿಲ್ 14, ‘ಬ್ಲ್ಯಾಕ್ ಡೇ’! ನಮಗೆ ಅಂಬೇಡ್ಕರ್ ಜಯಂತಿಯ ಆ ದಿನ, ಅಲ್ಲಿನ ಒಂಟಿಗಳು ಕರಿ ಬಟ್ಟೆ ತೊಟ್ಟು, ಗುಂಪುಗೂಡಿ ‘ಜಜಾಂಗ್‌ಮ್ಯೋನ್’ ತಿನ್ನುತ್ತಾರೆ. ಸರಕಾರಿ ರಜೆಯಲ್ಲ, ದೇವರ ಹಬ್ಬವೂ ಅಲ್ಲ. ಗೆಳೆಯ ಗೆಳತಿಯರು ತಾವೇ ಮಾಡಿಕೊಂಡದ್ದು.

ಜಜಾಂಗ್‌ಮ್ಯೋನ್ ಅಂದರೆ ಕರಿ ಶ್ಯಾವಿಗಿ ಅನ್ನಿ. ಗೋದಿ ಹಿಟ್ಟಿನ ದಪ್ಪ ಶ್ಯಾವಿಗೆಯ ಮೇಲೆ ಹುಳಿ ಬರಿಸಿದ ಸೋಯಾ ಕಾಳಿನ ಕಪ್ಪು ಗೊಜ್ಜು, ಅದರಲ್ಲಿ ಹುರಿದ ಹಂದಿ ಮಾಂಸ, ಉಳ್ಳಾಗಡ್ಡಿ. ಇಂಚಿಯಾನ್ ಬಂದರಿಗೆ ವಲಸೆ ಬಂದ ಚೀನೀಯರಿಂದ ಹುಟ್ಟಿದ ಊಟವಿದು. ಆ ಊರಲ್ಲಿ 2012ರಿಂದ ಇದಕ್ಕೊಂದು ವಸ್ತು ಸಂಗ್ರಹಾಲಯವೇ ಇದೆ. ತಟ್ಟೆಯ ಮಗ್ಗಲಲ್ಲಿ ಹಸಿ ಉಳ್ಳಾಗಡ್ಡಿ ಇಡುತ್ತಾರೆ. ರೊಟ್ಟಿ ಉಣ್ಣುವ ನಮಗೆ ಅದರ ರುಚಿ ಬಿಡಿಸಿ ಹೇಳಬೇಕೇ?

2020ರಲ್ಲಿ ನಾಲ್ಕು ಆಸ್ಕರ್ ಬಾಚಿದ ‘ಪ್ಯಾರಾಸೈಟ್’ ನೋಡಿದವರಿಗೆ ನೆನಪಿರಬೇಕು. ಶ್ರೀಮಂತ ಮನೆಯೊಡತಿ ಫೋನಿನಲ್ಲಿ ಅವಸರದಿಂದ ಮಾಡಿಡಲು ಹೇಳುವ ಆ ಶ್ಯಾವಿಗೆಯ ಎರಡು ಪೊಟ್ಟಣಗಳಲ್ಲಿ ಒಂದು ಇದರದೇ ದಿಢೀರ್ ರೂಪ!

ನಗು ಇಲ್ಲಿಗೆ ಸಾಕು. ಗಂಡು ಮಗುವೇ ಬೇಕೆಂಬ ಹಟಕ್ಕೆ ಕೊರಿಯಾದಲ್ಲಿ 1990ರಲ್ಲಿ 100 ಹೆಣ್ಣು ಕೂಸುಗಳಿಗೆ ಸುಮಾರು 116 ಗಂಡು ಹುಟ್ಟಿದವು. ಹುಡುಗಿಯರು ಪಟ್ಟಣ ಸೇರಿದರು; ಎಷ್ಟೋ ಹಳ್ಳಿಯ ರೈತರು ವಿಯೆಟ್ನಾಮಿನಿಂದ ವಧು ತಂದರು. ಜನನದ ಆ ಅಂತರ ಅಲ್ಲಿ ಈಗ ಸರಿಹೋಗಿದೆ. ನಮ್ಮಲ್ಲೋ? 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಅವಿವಾಹಿತ ಯುವ ರೈತರು, ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ನಕ್ಕವರೇ ಬಹಳ! 1972ರಲ್ಲಿ ‘ಬಂಗಾರದ ಮನುಷ್ಯ’ದ ರೈತ ರಾಜೀವನಿಗೆ ಶಿಳ್ಳೆ ಹೊಡೆದ ನಾಡು ಇದೇ ಅಲ್ಲವೇ?

ಒಲ್ಲೆ ಅಂದ ಹುಡುಗಿಯನ್ನು ಬೈಯುವುದು ಬ್ಯಾಡ. ಅವಳಿಗೂ ಅವಳದೇ ಕನಸುಗಳಿವೆ. ಬೈಯಬೇಕಾದ್ದು ಹೆಣ್ಣು ಕೂಸು ಬೇಡವೆಂದವರನ್ನು.

ಕೊರಿಯಾದವರಿಂದ ನಾನು ಕಲಿತದ್ದು ಇಷ್ಟೇ: ಒಂಟಿ ಇದ್ದವ ಒಬ್ಬನೇ ಕೂತು ಉಣಬಾರದು. ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗಿ ಉಣ್ಣುವ ಮಂದಿ ನಾವು. ಅಂಥದೇ ಬುತ್ತಿ ಕಟ್ಟಿಕೊಂಡು ಗೆಳೆಯರೆಲ್ಲ ಒಂದು ದಿನ ಹೊಲಕ್ಕೆ ಹೋಗೋಣ. ಆದರೆ ಒಂದು ಷರತ್ತು: ರೊಟ್ಟಿ ಅವ್ವ ಬಡಿಯಬಾರದು, ನಾವೇ ಬಡೀಬೇಕು! ರೊಟ್ಟಿ ಬಡಿಯಲು ಬಂದವನಿಗೆ ಹೆಣ್ಣು ಸಿಕ್ಕರೂ ಬದುಕು, ಸಿಗದಿದ್ದರೂ ಬದುಕು. ಏನಂತೀರಿ?