ಸ್ನಾಯು ಸೆಳೆತಕ್ಕೆ ನೀಡುವ ಸಂಯೋಜಿತ ಮಾತ್ರೆಗಳು: ಸಾರ್ವಜನಿಕರ ತಿಳುವಳಿಕೆಗಾಗಿ

ಪೀಠಿಕೆ

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಹಾಗೂ ಸುತ್ತಮುತ್ತಲಿನ ಗ್ರಾಮಗಳಲ್ಲಿ ವ್ಯವಸಾಯವು ಮುಖ್ಯ ಕಸುಬಾಗಿರುತ್ತದೆ. ಅರಿಶಿನ ಕೀಳುವಾಗ, ಬಾಳೆಗೊನೆ ಹೊರುವಾಗ ಸೊಂಟ ಹಿಡಿದುಕೊಳ್ಳುವುದು ಅಥವಾ ಕತ್ತು ಉಳುಕುವುದು ಉಂಟು. ಪೆಟ್ಟಾದ ಭಾಗವನ್ನು ರಕ್ಷಿಸಲು ಸ್ನಾಯುವು ಬಿಗಿದುಕೊಳ್ಳುತ್ತದೆ. ಬಿಗಿತದಿಂದ ನೋವು, ನೋವಿನಿಂದ ಮತ್ತಷ್ಟು ಬಿಗಿತ ಉಂಟಾಗುತ್ತದೆ. ಇದನ್ನು ತಡೆಯಲು ವೈದ್ಯರು ಕೆಲವೊಮ್ಮೆ ನೋವು ನಿವಾರಕ ಮತ್ತು ಸ್ನಾಯು ಸಡಿಲಕಗಳನ್ನು ಒಟ್ಟಿಗೆ ನೀಡುತ್ತಾರೆ.

ಮಾತ್ರೆಯಲ್ಲಿರುವ ಔಷಧಗಳು

ಒಂದೇ ಮಾತ್ರೆಯಲ್ಲಿ ಎರಡು ಅಥವಾ ಮೂರು ಔಷಧಗಳಿರಬಹುದು. ಉದಾಹರಣೆಗೆ, ಅಸಿಕ್ಲೋಫಿನಾಕ್ 100 ಮಿ.ಗ್ರಾಂ., ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಮತ್ತು ಕ್ಲೋರ್‌ಝೋಕ್ಸಜೋನ್ 250 ಮಿ.ಗ್ರಾಂ. ಮೊದಲನೆಯದು ಊತ ಮತ್ತು ನೋವನ್ನು, ಎರಡನೆಯದು ನೋವು ಮತ್ತು ಜ್ವರವನ್ನು ತಗ್ಗಿಸುತ್ತದೆ. ಮೂರನೆಯದು ಮಿದುಳು ಹಾಗೂ ಬೆನ್ನುಹುರಿಯ ಮೂಲಕ ಬಿಗಿತವನ್ನು ಸಡಿಲಿಸುತ್ತದೆ. ಆದ್ದರಿಂದಲೇ ನಿದ್ದೆಯ ಮಂಪರು ಮತ್ತು ತಲೆಸುತ್ತು ಬರುತ್ತವೆ.

ಪ್ರಯೋಜನ ಮತ್ತು ಮಿತಿ

ಹೊಸದಾಗಿ ಉಂಟಾದ ತೀವ್ರ ಸೆಳೆತಕ್ಕೆ ಕೆಲವೇ ದಿನಗಳ ಮಟ್ಟಿಗೆ ಇವು ಉಪಯುಕ್ತವಾಗಬಹುದು. ಆದರೆ ಔಷಧ ಹೆಚ್ಚಿದಷ್ಟೂ ಗುಣ ಹೆಚ್ಚೆಂಬುದು ಸರಿಯಲ್ಲ. ಅಮೆರಿಕದಲ್ಲಿ 323 ಸೊಂಟನೋವಿನ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನ್ಯಾಪ್ರೋಕ್ಸೆನ್ ಎಂಬ ನೋವು ನಿವಾರಕಕ್ಕೆ ಸ್ನಾಯು ಸಡಿಲಕವನ್ನು ಸೇರಿಸಿದರೂ ಒಂದು ವಾರದ ನಂತರ ಹೆಚ್ಚಿನ ಲಾಭ ಕಂಡುಬರಲಿಲ್ಲ.

ಪಾಲಿಸಬೇಕಾದ ಎಚ್ಚರಿಕೆಗಳು

1. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್ ಮುಂತಾದವನ್ನು ವೈದ್ಯರ ಚೀಟಿಯಿಲ್ಲದೆ ಖರೀದಿಸಬಾರದು. ಹಳೆಯ ಚೀಟಿಯನ್ನು ಅಥವಾ ಬೇರೊಬ್ಬರ ಮಾತ್ರೆಯನ್ನು ಬಳಸಬಾರದು.
2. ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಆಗಿರಬಹುದು. ಅಸಿಕ್ಲೋಫಿನಾಕ್ ಮಾತ್ರೆಯ ಜೊತೆಗೆ ಡೈಕ್ಲೋಫಿನಾಕ್ ಚುಚ್ಚುಮದ್ದು ಪಡೆದಲ್ಲಿ ಒಂದೇ ಗುಂಪಿನ ಔಷಧ ಎರಡು ಬಾರಿ ಸೇರಿ ಹೊಟ್ಟೆಯಲ್ಲಿ ರಕ್ತಸ್ರಾವ, ಮೂತ್ರಪಿಂಡಕ್ಕೆ ಹಾನಿ ಸಂಭವಿಸಬಹುದು.
3. ಎಲ್ಲಾ ಮಾತ್ರೆಗಳಿಂದ ಸೇರಿ ಪ್ಯಾರಾಸಿಟಮಾಲ್ ಪ್ರಮಾಣವು ವಯಸ್ಕರಲ್ಲಿ ದಿನಕ್ಕೆ 4,000 ಮಿ.ಗ್ರಾಂ. ಮೀರಬಾರದು. ಮದ್ಯಪಾನಿಗಳಿಗೆ ಮತ್ತು ಯಕೃತ್ತಿನ ಕಾಯಿಲೆಯವರಿಗೆ ಇದಕ್ಕಿಂತ ಕಡಿಮೆ ಪ್ರಮಾಣವೂ ಅಪಾಯಕರ.
4. ಮಾತ್ರೆ ಸೇವಿಸಿ ಮಂಪರು ಇರುವಾಗ ವಾಹನ ಚಲಾಯಿಸಬಾರದು. ಮದ್ದೂರಿನ ಮೂಲಕ ಕೇರಳಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 766ರ ಅರಣ್ಯ ಮಾರ್ಗದಲ್ಲಿ ಸರಕು ವಾಹನ ಚಲಾಯಿಸುವವರು ತಮ್ಮ ವೃತ್ತಿಯನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.
5. ಟೈಜಾನಿಡಿನ್ ಸೇವಿಸುವವರು ಸಿಪ್ರೊಫ್ಲಾಕ್ಸಾಸಿನ್ ಸೇವಿಸಬಾರದು. ರಕ್ತದೊತ್ತಡವು ಅಪಾಯಕರವಾಗಿ ಕುಸಿಯಬಹುದು.
6. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಥಯೋಕಾಲ್ಚಿಕೋಸೈಡ್ ಬಳಸಬಾರದು.

ವೈದ್ಯರಿಗೆ ತಿಳಿಸಬೇಕಾದ ವಿವರಗಳು

ಹೊಟ್ಟೆ ಹುಣ್ಣು, ಉಬ್ಬಸ, ರಕ್ತದೊತ್ತಡ, ಹೃದಯ, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ, ಗರ್ಭಧಾರಣೆ, ಮದ್ಯಪಾನ ಹಾಗೂ ಹಾಲಿ ಸೇವಿಸುತ್ತಿರುವ ಎಲ್ಲಾ ಔಷಧಗಳು.

ತಡಮಾಡದೆ ಆಸ್ಪತ್ರೆಗೆ ಬರಬೇಕಾದ ಸಂದರ್ಭಗಳು

ಕಪ್ಪು ಮಲ, ರಕ್ತವಾಂತಿ, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ ಮಾತ್ರೆ ನಿಲ್ಲಿಸಬೇಕು. ಕಾಲಿನ ಬಲ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಬೆನ್ನುನೋವಿನೊಂದಿಗೆ ಜ್ವರ ಬರುವುದು ಸಾಮಾನ್ಯ ಉಳುಕಿನ ಲಕ್ಷಣಗಳಲ್ಲ. ಗಾಯವಾದ ನಂತರ ದವಡೆ ಬಿಗಿದುಕೊಂಡರೆ ಧನುರ್ವಾಯು ಇರಬಹುದು. ಇಂತಹ ಸಂದರ್ಭಗಳಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಸೇವೆ ಪಡೆಯಬಹುದು.

ಚಿಕಿತ್ಸೆ ಪಡೆಯುವ ವಿಧಾನ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಪಡೆದು ವೈದ್ಯರನ್ನು ಕಾಣಬಹುದು. ಹಿಂದಿನ ಚೀಟಿಗಳನ್ನು ಮತ್ತು ಮನೆಯಲ್ಲಿರುವ ಮಾತ್ರೆಗಳ ಹಾಳೆಗಳನ್ನು ಜೊತೆಗೆ ತರತಕ್ಕದ್ದು. ಅಗತ್ಯವಿದ್ದಲ್ಲಿ ವೈದ್ಯರು ಚಾಮರಾಜನಗರದ ಆಸ್ಪತ್ರೆಗೆ ಕಳುಹಿಸುತ್ತಾರೆ. ಬಹುಪಾಲು ಉಳುಕುಗಳು ಬಿಸಿ ಶಾಖ ಮತ್ತು ಹಗುರ ನಡಿಗೆಯಿಂದ ಕೆಲವು ವಾರಗಳಲ್ಲಿ ವಾಸಿಯಾಗುತ್ತವೆ. ದೀರ್ಘಕಾಲ ಮಲಗಿರುವುದು ಸೂಕ್ತವಲ್ಲ.